ಹೊಟ್ಟೆಕಿಚ್ಚಿನ ಮೇಲೆ ಬೆಂದ ಕುಂಬಳಕಾಯಿ ಸೂಪು

"ಇವತ್ತಿನಿಂದ ಪೊಟ್ಟಣದಲ್ಲಿ ಬಂದದ್ದು ಯಾವುದೂ ಈ ಮನೆಯೊಳಗೆ ಬರಕೂಡದು. ಮನೆಯಲ್ಲೇ ಬೇಯಿಸಿದ, ತಾಜಾ, ಆರೋಗ್ಯಕರ ಊಟ. ಬೇಯಿಸುವವನು ನಾನು!"

ಒಂದು ಭಾನುವಾರ ಬೆಳಿಗ್ಗೆ ಸೊಂಟದ ಮೇಲೆ ಕೈಯಿಟ್ಟು ನಾನು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವ ಆಕೆ ಸತತ ಆರು ದಿನ ಪಾಳಿ ಮುಗಿಸಿ ಸೋಫಾದ ಮೇಲೆ ಒರಗಿದ್ದಳು. ಕಣ್ಣು ತೆರೆಯದೆಯೇ "ಹೂಂ" ಎಂದಳು. ಇನ್ನೊಬ್ಬಳು ನಮ್ಮ ಐದು ವರ್ಷದ ಮಗಳು. ಗಾತ್ರದಲ್ಲಿ ಸಣ್ಣವಳು, ಬಾಯಲ್ಲಿ ಖಾರದವಳು. ಹಾಗಾಗಿ ಮನೆಯಲ್ಲೂ ಶಿಶುವಿಹಾರದಲ್ಲೂ ಎಲ್ಲರೂ ಅವಳನ್ನು ಕರೆಯುವುದು ಮೆಣಸು ಎಂದೇ. ಅವಳು ಆ ಹೊತ್ತಿಗೆ ಚಿಪ್ಸ್ ಪೊಟ್ಟಣವನ್ನು ತಲೆಕೆಳಗು ಮಾಡಿ ತಳದ ಪುಡಿಯನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದಳು. ಸುರಿದುಕೊಂಡು ಮುಗಿದ ಮೇಲೆ, ತನ್ನ ಅಭ್ಯಂತರವಿಲ್ಲವೆಂದು ತಿಳಿಸಿದಳು.

ಈ ವೀರಾವೇಶಕ್ಕೆ ಕಾರಣ ಮಕ್ಕಳ ಡಾಕ್ಟರು. ಹಿಂದಿನ ವಾರ ಮೆಣಸಿಗೆ ನೆಗಡಿಯೆಂದು ಕರೆದುಕೊಂಡು ಹೋದಾಗ, ನಿನ್ನೆ ಸಂಜೆ ಏನು ಊಟ ಮಾಡಿದೆ ಎಂದು ಅವರು ಕೇಳಿದರು. ಮಗಳು "ಹಳದಿ" ಎಂದಳು. ಮೊನ್ನೆ? "ಕೆಂಪು." ಡಾಕ್ಟರು ಅರ್ಥವಾಗದೆ ನಮ್ಮ ಮುಖ ನೋಡಿದರು. ಅವು ನೂಡಲ್ಸ್ ಪೊಟ್ಟಣಗಳ ಬಣ್ಣ ಎಂದು ನಾನು ವಿವರಿಸುವಾಗ ನನ್ನ ಹೆಂಡತಿ, ಅದೇ ಆಸ್ಪತ್ರೆಯಲ್ಲಿ ಎರಡು ಕೋಣೆ ಆಚೆ ಕೆಲಸ ಮಾಡುವವಳು, ಗೋಡೆಯ ಮೇಲಿದ್ದ ಹಲ್ಲುಜ್ಜುವ ವಿಧಾನದ ಚಿತ್ರಪಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು.

ಅವಳ ಪಾಳಿ ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ. ನಾನಾದರೋ ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಮೆಣಸನ್ನು ಶಿಶುವಿಹಾರದಿಂದ ಕರೆತರುವವನು. ಹಾಗಾಗಿ ಅಡುಗೆಮನೆಯ ಕಿರೀಟ ನನ್ನ ತಲೆಗೇ ಬಂತು. ಬಂದದ್ದಕ್ಕೆ ನನಗೆ ಅಂಜಿಕೆಯೇನೂ ಇರಲಿಲ್ಲ. ನಾನು ಫ್ರಿಜ್ ರಿಪೇರಿಯವನು. ಹದಿನಾಲ್ಕು ವರ್ಷಗಳಿಂದ ಮನೆಮನೆಯ ಫ್ರಿಜ್ಜಿನೊಳಗೆ ತಲೆ ಹಾಕಿದ್ದೇನೆ. ಜನ ತಿನ್ನುತ್ತೇವೆಂದು ಹೇಳಿಕೊಳ್ಳುವುದು ಏನು, ನಿಜವಾಗಿ ತಿನ್ನುವುದು ಏನು ಎಂಬುದು ನನಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿಲ್ಲ. ಸತ್ತು ಮಲಗಿದ ಕಂಪ್ರೆಸರಿಗೆ ಜೀವ ಕೊಡುವ ಕೈಗೆ ನಾಲ್ಕು ಹುರುಳಿಕಾಯಿ ಬೇಯಿಸುವುದು ಯಾವ ಲೆಕ್ಕ?

ಸೋಮವಾರ ಬೇಯಿಸಿದೆ. ಹುರುಳಿಕಾಯಿ, ಕ್ಯಾರೆಟ್, ಅನ್ನ. ಮೆಣಸು ತಟ್ಟೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದಳು. ಒಂದು ಕ್ಯಾರೆಟ್ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಬಹಳ ಮೃದುವಾಗಿ, ನನ್ನ ಮನಸ್ಸಿಗೆ ನೋವಾಗಬಾರದೆಂಬಂತೆ ಹೇಳಿದಳು:

"ಅಡುಗೆ ಮಾಮ ಹೀಗೆ ಮಾಡಲ್ಲ ಅಪ್ಪ."

ಅಡುಗೆ ಮಾಮ ಎಂದರೆ ಶಿಶುವಿಹಾರದಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವರು. ನಾನು ಅವರನ್ನು ನೋಡಿರಲಿಲ್ಲ. ನಾನು ಹೋಗುವ ಹೊತ್ತಿಗೆ ಅವರು ಪಾತ್ರೆ ತೊಳೆದಿಟ್ಟು ಮನೆಗೆ ಹೋಗಿರುತ್ತಿದ್ದರು. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು ಎಂದಷ್ಟೇ ಕೇಳಿದ್ದೆ. ಅಲ್ಲಿಯತನಕ ಆ ಮನುಷ್ಯ ನನಗೆ ಶಿಶುವಿಹಾರದ ಜಾರುಬಂಡಿಯಷ್ಟೇ ದೂರದವರು. ಸೋಮವಾರ ಸಂಜೆಯಿಂದ ಅವರು ನಮ್ಮ ಮನೆಯಲ್ಲೇ ವಾಸಿಸತೊಡಗಿದರು.

ಮಂಗಳವಾರ, ಮಾಮನ ಪಾಲಕ್ ಕಹಿ ಇರುವುದಿಲ್ಲವೆಂದು ತಿಳಿಯಿತು. ಬುಧವಾರ, ಮಾಮ ಕ್ಯಾರೆಟ್ಟನ್ನು ನಾಣ್ಯದ ಹಾಗೆ ದುಂಡಗೆ ಕತ್ತರಿಸುತ್ತಾರೆಂದು ತಿಳಿಯಿತು. ಗುರುವಾರ, ಮಾಮನ ಸಿಹಿಗುಂಬಳದ ಸೂಪಿನಲ್ಲಿ ಗಂಟೇ ಇರುವುದಿಲ್ಲ, ಅದು ಗಂಟಲಲ್ಲಿ ತಾನಾಗಿಯೇ ಇಳಿದು ಹೋಗುತ್ತದೆ ಎಂದು ತಿಳಿಯಿತು. ಪ್ರತಿ ಸಂಜೆಯೂ ನನ್ನ ಅಡುಗೆ ಮೂರು ತುತ್ತಿಗೆ ನಿಲ್ಲುತ್ತಿತ್ತು, ಮಾಮನ ಕೀರ್ತನೆ ಮಾತ್ರ ನಿಲ್ಲುತ್ತಿರಲಿಲ್ಲ. ಸಾಲದ್ದಕ್ಕೆ ಶಿಶುವಿಹಾರದವರು ದಿನವೂ ಮಗುವಿನ ಚೀಲದಲ್ಲಿ ಒಂದು ದಿನಚರಿ ಪುಸ್ತಕ ಕಳಿಸುತ್ತಾರೆ. ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿರುತ್ತಿತ್ತು: "ಊಟ: ಪೂರ್ತಿ. ಎರಡನೇ ಸಲ ಕೇಳಿ ಹಾಕಿಸಿಕೊಂಡಳು." ಆ ಸಾಲನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದಿತ್ತಲ್ಲ, ಅದರ ಮೇಲೆ ಪಾತ್ರೆಯಿಟ್ಟಿದ್ದರೆ ಒಲೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಹೆಂಡತಿ ತುಪ್ಪ ಸುರಿದದ್ದು ಶುಕ್ರವಾರ. ಅಂದು ಅವಳಿಗೆ ರಜೆ. ಮಧ್ಯಾಹ್ನ ತಾನೇ ಹೋಗಿ ಮೆಣಸನ್ನು ಕರೆತಂದಿದ್ದಳು. ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಶುರುವಾಯಿತು. ಅಡುಗೆಯವರು ಒಂದು ಚಮಚ ಸೂಪು ರುಚಿ ನೋಡಲು ಕೊಟ್ಟರಂತೆ, ಅದೇನು ಹದವಂತೆ, ಏನು ಪರಿಮಳವಂತೆ, ಎಷ್ಟು ಸೌಮ್ಯ ಮನುಷ್ಯನಂತೆ. ನಾನು ಕೈ ತೊಳೆಯಲು ಹೋದೆ. ತುಂಬಾ ಹೊತ್ತು ತೊಳೆದೆ.

"ನಿಮಗೇನ್ರೀ ಆಯ್ತು?" ಎಂದಳು ಹಿಂದೆಯೇ ಬಂದು.

"ನನಗೇನಾಗತ್ತೆ? ಒಂದು ಚಮಚಕ್ಕೆ ಇಷ್ಟು ಹೊಗಳಿಕೆ. ನಾನು ಐದು ದಿನದಿಂದ ಪಾತ್ರೆಗಟ್ಟಲೆ ಬೇಯಿಸ್ತಾ ಇದೀನಿ."

"ಅದಕ್ಕೇ ನಾನು ಐದು ದಿನದಿಂದ ಸುಮ್ಮನಿದೀನಿ" ಎಂದಳು. ಅದು ಸಮಾಧಾನವೋ ತೀರ್ಪೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಅಂದಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಕಾಣದ ಆ ಮಾಮನನ್ನು ಕಲ್ಪಿಸಿಕೊಳ್ಳುವುದೇ ಕೆಲಸವಾಯಿತು. ಆರಡಿ ಎತ್ತರ, ಮೇಲೆ ಒಂದಡಿ ಬಿಳಿ ಟೋಪಿ, ಹಡಗಿನ ಬಿಸಿಲಿಗೆ ಕಂದಿದ ಅಗಲವಾದ ಎದೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ನನ್ನ ಮಗಳು! ಯಾರದೋ ಮನೆಯಲ್ಲಿ ಥರ್ಮೋಸ್ಟಾಟ್ ಬದಲಿಸುತ್ತಿರುವಾಗ ಆ ಮುಖ ಫ್ರಿಜ್ಜಿನೊಳಗಿನ ದೀಪದ ಪಕ್ಕದಿಂದ ಇಣುಕಿ ನಗುತ್ತಿತ್ತು. ಗುಟ್ಟೇನೋ ಇದೆ, ಅದನ್ನು ಪತ್ತೆ ಮಾಡಲೇಬೇಕೆಂದು ಪಣ ತೊಟ್ಟೆ. ಮೆಣಸು ಊಟದ ಹೊತ್ತಿನಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಬಟ್ಟೆಯೊಂದು ದಿನವೂ ಚೀಲದಲ್ಲಿ ಮನೆಗೆ ಬರುತ್ತದೆ. ಒಂದು ಸಂಜೆ ಅದನ್ನು ಕಿಟಕಿಯ ಬಳಿ ಒಯ್ದು, ಕಲೆಗಳನ್ನು ಒಂದೊಂದಾಗಿ ಮೂಸಿದೆ. ಈರುಳ್ಳಿ ಸಿಕ್ಕಿತು. ಹಾಲಿನ ವಾಸನೆ ಸಿಕ್ಕಿತು. ಮೂರನೆಯದೊಂದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿ ಇನ್ನೂ ಆಳವಾಗಿ ಉಸಿರೆಳೆದುಕೊಂಡೆ. ಕಣ್ಣು ತೆರೆದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮೂರನೆಯದು ಜಲವರ್ಣ, ಬೆಳಿಗ್ಗೆ ಮಕ್ಕಳಿಂದ ಚಿತ್ರ ಬಿಡಿಸಿದ್ದರು ಎಂದು ಅವಳು ಯಾವ ಭಾವನೆಯೂ ಇಲ್ಲದ ಸ್ವರದಲ್ಲಿ ತಿಳಿಸಿದಳು.

ಈರುಳ್ಳಿ, ಹಾಲು. ಎರಡು ಸುಳಿವು ಸಾಕು ಎಂದುಕೊಂಡು ಮರುದಿನವೇ ಸಿಹಿಗುಂಬಳ ತಂದೆ. ಬೇಯಿಸಿದೆ. ಗಂಟು ಇರಬಾರದಲ್ಲ, ಕುದಿಯುತ್ತಿದ್ದುದನ್ನು ಹಾಗೆಯೇ ಮಿಕ್ಸಿಯ ಜಾರಿಗೆ ಕತ್ತಿನವರೆಗೆ ತುಂಬಿದೆ. ಮುಚ್ಚಳ ಬಿಗಿಯಾಗಿ ಒತ್ತಿದೆ. ಸ್ವಿಚ್ಚು ಹಾಕಿದೆ. ಬಿಸಿಗೆ ಹೊರದಾರಿ ಕೊಡದೆ ಮುಚ್ಚಬಾರದು ಎಂಬುದು ನನ್ನ ಕಸುಬಿನ ಮೊದಲನೇ ಪಾಠ. ಫ್ರಿಜ್ಜಿಗಾದರೆ ನೆನಪಿರುತ್ತಿತ್ತು. ಮುಚ್ಚಳ ಹಾರಿ ಹೋಗಿ ಗೋಡೆಗೆ ಬಡಿಯಿತು. ನಾನು ಸಮಯಕ್ಕೆ ಸರಿಯಾಗಿ ಹಿಂದೆ ಜಿಗಿದದ್ದರಿಂದ ಮುಖ ಉಳಿಯಿತು, ಚಾವಣಿ ಉಳಿಯಲಿಲ್ಲ. ಫ್ಯಾನು ತಿರುಗುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ತನಗೆ ಸಿಕ್ಕಿದ ಪಾಲನ್ನು ಅದು ನಾಲ್ಕೂ ಗೋಡೆಗಳಿಗೆ ಯಾವ ಭೇದಭಾವವಿಲ್ಲದೆ ಹಂಚಿತು.

ಮೆಣಸು ಸಂತೋಷದಿಂದ ಕುಣಿದಾಡಿದಳು. ಪಾಳಿ ಮುಗಿಸಿ ಬಂದ ಹೆಂಡತಿ ಹೊಸ್ತಿಲಲ್ಲೇ ನಿಂತು, ಬಿಳಿಯ ಚಾವಣಿಯ ಮೇಲೆ ಪಕ್ಕೆಲುಬಿನಂತೆ ಹರಡಿದ್ದ ಕಿತ್ತಳೆ ಗೆರೆಗಳನ್ನು ಕತ್ತೆತ್ತಿ ಪರಿಶೀಲಿಸಿದಳು.

"ಇದು ಯಾರ ಎಕ್ಸ್‌ರೇ?" ಎಂದಳು.

ಆಮೇಲೆ ಪರ್ಸು ಕೆಳಗಿಟ್ಟು, ಸ್ಟೂಲು ತಂದು ಒರೆಸಲು ನನ್ನ ಜೊತೆ ನಿಂತಳು. ಒರೆಸುತ್ತ ಒರೆಸುತ್ತ, ಅಷ್ಟು ಬೇಕೆನಿಸಿದರೆ ಹೋಗಿ ಆ ಅಡುಗೆಯವರನ್ನೇ ಕೇಳಿಬಿಡಬಾರದೇ, ಹೇಳಿಕೊಡುತ್ತಾರೆ ಎಂದಳು. ನಾನು ಕೇಳುವುದೆ? ಅವರನ್ನೆ? ಚಾವಣಿಯನ್ನು ಇನ್ನೂ ಜೋರಾಗಿ ಉಜ್ಜಿದೆ. ಸುಣ್ಣವೂ ಕಿತ್ತು ಬಂತು.

ಹೀಗಿರುವಾಗ, ನನ್ನ ಅಡುಗೆಯ ಮೂರನೇ ವಾರದ ಬುಧವಾರ ಬೆಳಿಗ್ಗೆ, ಶಿಶುವಿಹಾರದ ಮೇಡಂ ಅವರಿಂದ ಫೋನು. ಅಡುಗೆಮನೆಯ ದೊಡ್ಡ ಫ್ರಿಜ್ಜು ತಣ್ಣಗಾಗುತ್ತಿಲ್ಲ, ಮೆಣಸಿನ ಅಪ್ಪ ಇದೇ ಕೆಲಸ ಮಾಡುತ್ತಾರಲ್ಲ ಎಂದು ನೆನಪಾಯಿತು, ಸ್ವಲ್ಪ ಬಂದು ನೋಡುತ್ತೀರಾ ಎಂದರು. ನೋಡುತ್ತೀರಾ ಅಂತೆ! ಶತ್ರುವಿನ ಕೋಟೆಯವರೇ ದಿಡ್ಡಿ ಬಾಗಿಲು ತೆರೆದು ದಯಮಾಡಿಸಿ ಎನ್ನುತ್ತಿದ್ದಾರೆ! ಕೈಯಲ್ಲಿದ್ದ ಎರಡು ಮನೆಗಳ ಕೆಲಸವನ್ನು ಮರುದಿನಕ್ಕೆ ಮುಂದೂಡಿ, ವ್ಯಾನಿನಲ್ಲಿ ಹತ್ತು ನಿಮಿಷಕ್ಕೆ ಅಲ್ಲಿದ್ದೆ.

ಅಡುಗೆಮನೆಯಲ್ಲಿ ಆರಡಿಯ ಯಾರೂ ಇರಲಿಲ್ಲ. ನನ್ನ ಭುಜಕ್ಕೆ ಬರುವ, ಐವತ್ತು ದಾಟಿದ, ಸಣಕಲು ಮನುಷ್ಯರೊಬ್ಬರು ಮರದ ಮಣೆಯ ಮೇಲೆ ಹತ್ತಿ ನಿಂತು ದೊಡ್ಡ ಪಾತ್ರೆಯನ್ನು ಕದಡುತ್ತಿದ್ದರು. ಹಬೆಗೆ ಕನ್ನಡಕ ಮಂಜಾಗಿತ್ತು. ಟೋಪಿಯೂ ಇರಲಿಲ್ಲ, ಕೂದಲೂ ಹೆಚ್ಚಿರಲಿಲ್ಲ. ಇಷ್ಟು ದಿನ ಇವರ ಮೇಲೆಯೇ ನಾನು ಉರಿದದ್ದು ಎಂದು ಒಂದು ಕ್ಷಣ ನಾಚಿಕೆಯಾಯಿತು. ಮರುಕ್ಷಣವೇ ಇಷ್ಟೇ ಇಷ್ಟು ಮನುಷ್ಯ ನನ್ನನ್ನು ಸೋಲಿಸಿದರಲ್ಲ ಎಂದು ಉರಿ ಇಮ್ಮಡಿಯಾಯಿತು. ಅವರು ನನ್ನ ಕಡೆ ನೋಡಿ ಗಡಬಡಿಸಿ ಕೈ ಮುಗಿದರು. ನಾನು ಗಂಭೀರವಾಗಿ ತಲೆಯಾಡಿಸಿ ಫ್ರಿಜ್ಜಿನ ಹಿಂದೆ ಹೋದೆ.

ಕಾಯಿಲೆ ಅಲ್ಲೇ ಕಂಡಿತು. ಹಿಂಬದಿಯ ಕೊಳವೆಗಳ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಬ್ರಷ್ಷಿನಿಂದ ಉಜ್ಜಿದರೆ ಕಾಲು ಗಂಟೆಯ ಕೆಲಸ. ಮೇಡಂ ಬಂದು ಎಷ್ಟು ಹೊತ್ತಾಗಬಹುದು ಎಂದು ಕೇಳಿದರು. ನಾನು ಹಣೆ ಸುಕ್ಕುಗಟ್ಟಿಸಿ, ಪರೀಕ್ಷೆ ಮಾಡಬೇಕು, ಮೂರು ಗಂಟೆಯಾದರೂ ಬೇಕು ಎಂದೆ. ಹದಿನಾಲ್ಕು ವರ್ಷಗಳಲ್ಲಿ ನನ್ನ ಕಸುಬಿನಲ್ಲಿ ನಾನು ಹೇಳಿದ ಮೊದಲನೆಯ ಸುಳ್ಳು ಅದು. ಸುಳ್ಳನ್ನು ನಿಜ ಮಾಡಲು ಫ್ರಿಜ್ಜನ್ನು ಬಿಚ್ಚಲೇಬೇಕಾಯಿತು. ಬಾಗಿಲು ಕಳಚಿದೆ, ಅದರ ರಬ್ಬರು ಪಟ್ಟಿ ತೆಗೆದೆ, ಒಳಗಿನ ಫ್ಯಾನು ಬಿಚ್ಚಿದೆ. ಸ್ಕ್ರೂಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಕಳಚಿದ ಬಾಗಿಲನ್ನು ಗೋಡೆಗೆ ಒರಗಿಸಿ, ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸಂದಿನಿಂದ ಒಲೆಯ ಕಡೆ ಕಣ್ಣು ನೆಟ್ಟೆ.

ಆಸಾಮಿ ಬಲು ಹುಷಾರು! ನಾನು ಕತ್ತು ಎತ್ತ ಚಾಚಿದರೆ ಅತ್ತ ತಿರುಗಿ, ಬೆನ್ನಿನಿಂದ ಪಾತ್ರೆಯನ್ನು ಮರೆಮಾಡುತ್ತಿದ್ದರು. ಏನನ್ನೋ ಹಾಕುವಾಗ ಮುಚ್ಚಳವನ್ನು ಗುರಾಣಿಯಂತೆ ಅಡ್ಡ ಹಿಡಿಯುತ್ತಿದ್ದರು. ಗುಟ್ಟಿದೆ, ಖಂಡಿತ ಇದೆ ಎಂದು ನನಗೆ ಖಾತ್ರಿಯಾಯಿತು. ಒಂದು ಗಂಟೆ ಕೂತೆ. ಕಾಲು ಜೋಮು ಹಿಡಿಯಿತು. ಕೊನೆಗೆ ಕಂಡೆ. ಕತ್ತರಿಸುವುದೆಲ್ಲ ಮುಗಿದ ಮೇಲೆ ಅವರು ಒಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಿದರು. ಆಚೀಚೆ ನೋಡಿ, ನನಗೆ ಬೆನ್ನು ಹಾಕಿ ಬಗ್ಗಿ, ಹಿಂಡಿದರು. ಒಂದು ಹೋಳು. ಇನ್ನೊಂದು ಹೋಳು.  ನಿಂಬೆ! ಇಷ್ಟು ದಿನ ಮೆಣಸಿನ ಬಾಯಲ್ಲಿ ನೀರೂರಿಸಿದ್ದು, ನನ್ನ ಹೆಂಡತಿಯ ಬಾಯಲ್ಲಿ ಹೊಗಳಿಕೆ ಹುಟ್ಟಿಸಿದ್ದು ನಿಂಬೆ!

ನಾನು ಎದ್ದು ಹೊರಡುವುದೊಂದು ಬಾಕಿ. ಅಷ್ಟರಲ್ಲಿ ಅವರೇ ಮಣೆಯಿಂದ ಇಳಿದು, ಕನ್ನಡಕ ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು.

"ನೀವು ಮೆಣಸಿನ ಅಪ್ಪ ಅಲ್ವಾ ಸರ್? ಬಂದಾಗಿಂದ ಮಾತಾಡ್ಸೋಣ ಅಂದ್ಕೊಂಡೆ, ಧೈರ್ಯ ಬರ್ಲಿಲ್ಲ. ನೀವು ನೋಡ್ತಾ ಇದ್ರೆ ಉಪ್ಪು ಹಾಕಿದ್ನೋ ಇಲ್ವೋ ಅನ್ನೋದೂ ಮರ್ತು ಹೋಗುತ್ತೆ, ಅದಕ್ಕೇ ಪಾತ್ರೆ ಮರೆ ಮಾಡ್ತಿದ್ದೆ."

ಯಾಕೆ ಎಂದೆ. ಅವರು ಹೇಳಿದ್ದನ್ನು ಕೇಳಿ ನಾನು ಕೂತಲ್ಲಿಯೇ ಕೂತುಬಿಟ್ಟೆ. ಎರಡು ವಾರದ ಹಿಂದೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ಅಪ್ಪ ಏನು ಮಾಡುತ್ತಾರೆಂದು ಟೀಚರು ಕೇಳಿದರಂತೆ. ಒಬ್ಬನ ಅಪ್ಪ ರೈಲು ಓಡಿಸುತ್ತಾರೆ, ಇನ್ನೊಬ್ಬಳ ಅಪ್ಪ ಬೆಂಕಿ ಆರಿಸುತ್ತಾರೆ. ನನ್ನ ಮಗಳ ಸರದಿ ಬಂದಾಗ ಅವಳು ಎದ್ದು ನಿಂತು ಹೇಳಿದ್ದು: ನಮ್ಮಪ್ಪ ಅಡುಗೆ ಮಾಡ್ತಾರೆ, ಅಡುಗೆ ಮಾಮನಿಗಿಂತ ಚೆನ್ನಾಗಿ. ಅಂದಿನಿಂದ ದಿನವೂ ಊಟದ ಹೊತ್ತಿಗೆ ಅದೇ ರಾಗ. ಸೂಪು ಚೆನ್ನಾಗಿದೆ, ಆದರೆ ನಮ್ಮಪ್ಪನದು ಇನ್ನೂ ಚೆನ್ನಾಗಿರತ್ತೆ. ಪಾಲಕ್ ಪರವಾಗಿಲ್ಲ, ನಮ್ಮಪ್ಪನದಾದರೆ ಬೇರೆ ಥರ. ಹೇಳಿಕೊಂಡೇ ಎರಡನೇ ಸಲ ಹಾಕಿಸಿಕೊಳ್ಳುತ್ತಾಳಂತೆ.

"ಹಡಗಲ್ಲಿ ಇಪ್ಪತ್ತು ವರ್ಷ ನೂರಾರು ಜನಕ್ಕೆ ಬೇಯ್ಸಿ ಹಾಕಿದೀನಿ ಸರ್" ಎಂದರು ಅಡುಗೆ ಮಾಮ, ನೆಲ ನೋಡುತ್ತ. "ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟೋನಲ್ಲ. ಈಗ ನಿಮ್ಮ ಮೇಲೆ ಪಟ್ಟುಬಿಟ್ಟೆ. ಮನೆಗೆ ಹೋದ್ರೂ ನಿಮ್ಮದೇ ಯೋಚನೆ."

ಓದುಗರೇ, ನಾನು ಆಗ ನಿಜ ಹೇಳಬಹುದಿತ್ತು. ನನ್ನದೂ ಇದೇ ಕಥೆ ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಮಣೆಯ ಮೇಲೆ ಕೂತು ನಕ್ಕುಬಿಡಬಹುದಿತ್ತು. ಆದರೆ ಎರಡು ವಾರ ಕರುಬಿ ಕರುಬಿ ಕರಕಲಾಗಿದ್ದ ಮನುಷ್ಯನಿಗೆ, ತನ್ನ ಮೇಲೂ ಒಬ್ಬರು ಕರುಬುತ್ತಿದ್ದಾರೆ ಎಂದು ಗೊತ್ತಾದರೆ ಹೇಗಿರುತ್ತದೆ ಹೇಳಿ. ಉರಿಯುವ ಹೊಟ್ಟೆಯ ಮೇಲೆ ಯಾರೋ ತಣ್ಣನೆಯ ಮೊಸರು ಸುರಿದ ಹಾಗಾಯಿತು. ನನ್ನ ಎದೆ ತಾನಾಗಿಯೇ ಉಬ್ಬಿತು. ನಾಲಿಗೆ ತಾನಾಗಿಯೇ ಹೊರಳಿತು.

"ಏನು ಮಾಡೋಕಾಗತ್ತೆ, ಅದೊಂದು ಕೈಗುಣ" ಎಂದೆ.

ಅವರು ಕಣ್ಣರಳಿಸಿ, ಹಾಗಾದರೆ ಇವತ್ತು ಒಂದು ಸಲ ಮಾಡಿ ತೋರಿಸಿ ಎಂದರು. ಕುಂಬಳಕಾಯಿ ಬೆಂದಿದೆ, ಅರೆದೂ ಆಗಿದೆ, ಹಾಲು ಹಾಕಿ ಹದ ಮಾಡುವುದಷ್ಟೇ ಬಾಕಿ, ಅದನ್ನು ನಿಮ್ಮ ಕೈಯಿಂದಲೇ ನೋಡಬೇಕು ಎಂದರು. ನಾನು ಫ್ರಿಜ್ಜು ಅರ್ಧಕ್ಕೆ ನಿಂತಿದೆ ಎಂದೆ. ಅಷ್ಟರಲ್ಲಿ ಮೇಡಂ ಬಂದರು, ವಿಷಯ ತಿಳಿದು ಕೈ ತಟ್ಟಿದರು, ಮೂವತ್ತೆರಡು ಮಕ್ಕಳಿಗೂ ಇವತ್ತು ಮೆಣಸಿನ ಅಪ್ಪನೇ ಅಡುಗೆ ಎಂದು ಕಾರಿಡಾರಿನಲ್ಲಿ ಹೇಳಿಕೊಂಡೇ ಹೋದರು. ಅಡುಗೆ ಮಾಮ ತಮ್ಮ ಏಪ್ರನ್ ಬಿಚ್ಚಿ ನನ್ನ ಕೊರಳಿಗೆ ಹಾಕಿದರು. ಅದು ನನ್ನ ಹೊಟ್ಟೆಯ ಅರ್ಧಕ್ಕೇ ನಿಂತಿತು.

ಮಣೆಯ ಅಗತ್ಯ ನನಗಿರಲಿಲ್ಲ. ಆದರೂ ಹತ್ತಿದೆ. ಪಾತ್ರೆಗೆ ಹಾಲು ಸುರಿದೆ, ಕದಡಿದೆ. ಬಣ್ಣ ತಿಳಿ ಕಿತ್ತಳೆಗೆ ತಿರುಗಿತು, ಪರಿಮಳ ಎದ್ದಿತು. ಅಲ್ಲಿಗೇ ಸೌಟು ಕೆಳಗಿಟ್ಟಿದ್ದರೆ ನನ್ನ ಹೆಸರು ಆ ಶಿಶುವಿಹಾರದಲ್ಲಿ ಅಜರಾಮರವಾಗುತ್ತಿತ್ತು. ಆದರೆ ಇವರ ಗುಟ್ಟನ್ನು ಇವರ ಮುಂದೆಯೇ ಪ್ರಯೋಗಿಸಿ ದಂಗುಬಡಿಸುವ ಅವಕಾಶವನ್ನು ಬಿಡುವುದುಂಟೆ? ಇವರು ಒಂದು ಹಣ್ಣು ಹಿಂಡಿದ್ದನ್ನು ನಾನೇ ಕಂಡಿದ್ದೆ. ಕೈಗುಣದವನು ಒಂದಕ್ಕೆ ನಿಲ್ಲಬಾರದೆಂದು ನಾನು ನಾಲ್ಕು ಹಣ್ಣು ತೆಗೆದುಕೊಂಡೆ. ಅವರು ತಟ್ಟೆ ತರಲು ಪಕ್ಕದ ಕೋಣೆಗೆ ಹೋದ ಹೊತ್ತು ನೋಡಿ, ನಾಲ್ಕನ್ನೂ ಕುದಿಯುವ ಹಾಲಿನ ಸೂಪಿಗೆ ಹಿಂಡಿದೆ. ಕೊನೆಯ ಹನಿಯವರೆಗೆ.

ಮೊದಲು ಅಂಚಿನಲ್ಲಿ ನೀರು ಬಿಟ್ಟಿತು. ಆಮೇಲೆ ನಡುವಿನಲ್ಲಿ ಬಿಳಿಯ ಚುಕ್ಕೆಗಳು ಎದ್ದವು. ಚುಕ್ಕೆಗಳು ಉಂಡೆಗಳಾದವು. ನಾನು ವೇಗವಾಗಿ ಕದಡಿದೆ, ಉಂಡೆಗಳೂ ವೇಗವಾಗಿ ಸುತ್ತಿದವು. ಅಡುಗೆ ಮಾಮ ತಟ್ಟೆಗಳನ್ನು ಎತ್ತಿಕೊಂಡು ಬಂದವರು ಪಾತ್ರೆಯೊಳಗೆ ಇಣುಕಿ ಹಾಗೆಯೇ ನಿಂತರು.

"ಸರ್, ಇದಕ್ಕೆ ಹುಳಿ ಏನಾದ್ರೂ ಹಾಕಿದ್ರಾ?"

"ನಿಂಬೆಹಣ್ಣು. ನೀವು ಹಾಕಿದ ಹಾಗೇ."

"ನಾನು ಸೂಪಿಗೆ ನಿಂಬೆ ಹಾಕಲ್ಲ ಸರ್."

"ನಾನೇ ನೋಡಿದೆನಲ್ಲ. ಬಗ್ಗಿ ಹಿಂಡ್ತಾ ಇದ್ರಿ."

 ಅವರು ತಮ್ಮ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು.

"ಅದು ಕೈಗೆ. ಈರುಳ್ಳಿ ವಾಸನೆ ಹೋಗ್ಲಿ ಅಂತ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂವತ್ತೆರಡು ಮಕ್ಕಳು ಅಂಗಳದಿಂದ ಓಡಿ ಬಂದು ಕೈ ತೊಳೆದು, ತಗ್ಗಿನ ಮೇಜುಗಳ ಸುತ್ತ ಕೂತು, ಚಮಚ ಹಿಡಿದು ಬಾಗಿಲ ಕಡೆ ನೋಡತೊಡಗಿದರು. ಬೇರೆ ಸೂಪಿಗೆ ಸಮಯವಿರಲಿಲ್ಲ. ಅಡುಗೆ ಮಾಮ ಮೊಟ್ಟೆ ಬೇಯಲು ಇಟ್ಟು, ಬಟಾಣಿ ಅನ್ನ ಕಲಸಲು ನಿಂತರು. ಮೇಡಂಗೆ ಇದ್ಯಾವುದೂ ಗೊತ್ತಿಲ್ಲ. ಬಟ್ಟಲುಗಳಿಗೆ ಸೂಪು ಬಡಿಸಿಯೇಬಿಟ್ಟರು. ನಾನು ಮೊಣಕಾಲಿಗೆ ಸಿಕ್ಕುವ ಕುರ್ಚಿಗಳ ನಡುವೆ ಅರ್ಧ ಏಪ್ರನ್ನಿನಲ್ಲಿ ನಿಂತೆ.

ಬಟ್ಟಲಿನಲ್ಲಿ ಹಳದಿ ನೀರು. ನೀರಿನಲ್ಲಿ ಮುದ್ದೆ ಮುದ್ದೆಯಾಗಿ ಏನೋ. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿ, ನಿಜವಾದ ಕಾಳಜಿಯಿಂದ ಕೇಳಿದಳು:

"ಇದನ್ನ ಯಾರು ತಿಂದು ಬಿಟ್ಟಿದ್ದು?"

ಒಬ್ಬೊಬ್ಬರಾಗಿ ಚಮಚಗಳು ಮೇಜಿನ ಮೇಲೆ ಇಳಿದವು. ರೈಲು ಓಡಿಸುವವರ ಮಗ ಬಟ್ಟಲನ್ನು ಎರಡು ಬೆರಳಿನಿಂದ ದೂರ ತಳ್ಳಿದ. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ನೋಡಿದ್ದು ಮೂಲೆಯ ಮೇಜಿನಲ್ಲಿದ್ದ ನನ್ನ ಮಗಳ ಕಡೆ. ಎರಡು ವಾರದಿಂದ ದಿನವೂ ಅಪ್ಪನ ಅಡುಗೆ ಅಪ್ಪನ ಅಡುಗೆ ಎಂದವಳು. ಅವಳ ಕಿವಿ ಕೆಂಪಾಗಿತ್ತು. ಆಗ ನನಗಿದ್ದ ಹೊಟ್ಟೆಕಿಚ್ಚೆಲ್ಲ ಎಲ್ಲಿ ಹೋಯಿತೋ. ನನ್ನ ಮರ್ಯಾದೆ ಹೋದರೆ ಹೋಗಲಿ, ನಾನು ಯಾರಿಗೂ ಕಾಣದಂತೆ ಫ್ರಿಜ್ಜಿನೊಳಗೆ ಕೂತು ಬಾಗಿಲು ಹಾಕಿಕೊಳ್ಳಬಲ್ಲೆ. ಅವಳು ನಾಳೆಯೂ ಇದೇ ಮೇಜಿಗೆ ಬಂದು ಕೂರಬೇಕಲ್ಲ. ಮಕ್ಕಳೇ ಇದನ್ನು ತಿನ್ನಬೇಡಿ, ಕೆಡಿಸಿದವನು ನಾನು ಎಂದು ಹೇಳಲು ಬಾಯಿ ತೆರೆದೆ.

ಮೆಣಸು ಚಮಚ ಎತ್ತಿದಳು. ಮುಳುಗಿಸಿದಳು. ನುಂಗಿದಳು. ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಅದನ್ನು ಪ್ರಯತ್ನಪಟ್ಟು ತೆರೆದಳು. ಇನ್ನೊಂದು ಚಮಚ. ಮತ್ತೊಂದು. ಬೇಡ ಕಂದ, ಬಿಡು ಎಂದು ನಾನು ಕೈಸನ್ನೆ ಮಾಡಿದೆ. ನನ್ನ ಕಡೆ ನೋಡಲೇ ಇಲ್ಲ. ಕೋಣೆಯಲ್ಲಿ ಅವಳ ಚಮಚದ ಸದ್ದೊಂದೇ. ಬಟ್ಟಲಿನ ತಳ ಕಂಡ ಮೇಲೆ ಅಂಗೈಯಿಂದ ಬಾಯಿ ಒರೆಸಿಕೊಂಡು ಸುತ್ತಲೂ ನೋಡಿದಳು.

"ನಿಮಗೆಲ್ಲ ಅಭ್ಯಾಸ ಇಲ್ಲ, ಅಷ್ಟೇ" ಎಂದಳು.

ನಾನು ಅಡುಗೆಮನೆಗೆ ಓಡಿ ಬಂದೆ. ಕಣ್ಣೀರು ಈರುಳ್ಳಿಯದೆಂದುಕೊಳ್ಳಲಿ ಎಂದು ಅದರ ಬುಟ್ಟಿಯ ಪಕ್ಕವೇ ನಿಂತೆ. ಅಡುಗೆ ಮಾಮ ಮೊಟ್ಟೆ ಬಟಾಣಿ ಅನ್ನದ ಪಾತ್ರೆಯನ್ನು ಒಳಗೆ ಕೊಟ್ಟು ಬಂದು ನನ್ನ ಪಕ್ಕ ನಿಂತರು. ನಾನು ಎಲ್ಲವನ್ನೂ ಹೇಳಿದೆ: ಮೂರು ತುತ್ತಿನ ಊಟ, ಚಾವಣಿ, ಮೂಸಿದ ಬಟ್ಟೆ, ಕಾಲು ಗಂಟೆಯ ಕೆಲಸಕ್ಕೆ ಬಿಚ್ಚಿದ ಫ್ರಿಜ್ಜು. ಅವರು ನಗಲಿಲ್ಲ. ಮನಸ್ಸಿನಿಂದ ದೊಡ್ಡ ಭಾರ ಇಳಿದವರಂತೆ ಉಸಿರು ಬಿಟ್ಟರು. ನಿಜವಾದ ಗುಟ್ಟೇನು ಹೇಳಿ ಎಂದು ನಾನು ಕೊನೆಗೂ ಬಾಯಿಬಿಟ್ಟು ಕೇಳಿದೆ. ಗುಟ್ಟೇನೂ ಇಲ್ಲ, ಊಟಕ್ಕೆ ಮುಂಚೆ ಮಕ್ಕಳನ್ನು ಒಂದು ಗಂಟೆ ಅಂಗಳದಲ್ಲಿ ಓಡಾಡಿಸುತ್ತಾರೆ, ಹಸಿದು ಬರುತ್ತಾರೆ, ಹಸಿದವರಿಗೆ ಏನು ಹಾಕಿದರೂ ರುಚಿ ಎಂದರು. ಆಮೇಲೆ ತಲೆ ಕೆರೆದುಕೊಂಡು, ಸಂಜೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಅವಳಿಗೆ ಏನಾದರೂ ತಿನ್ನಲು ಕೊಡುತ್ತೀರಾ ಎಂದು ಕೇಳಿದರು. ನಾನು ನನ್ನ ಬೂಟು ನೋಡಿಕೊಂಡೆ. ವ್ಯಾನಿನಲ್ಲಿ ಯಾವಾಗಲೂ ಒಂದು ಬಿಸ್ಕತ್ತಿನ ಪೊಟ್ಟಣ ಇರುತ್ತದೆ. ಮನೆಯೊಳಗೆ ತಾನೇ ಬರಕೂಡದು ಎಂದಿದ್ದು?

ಬಿಚ್ಚಿದ್ದನ್ನೆಲ್ಲ ಜೋಡಿಸಿ, ಕೊಳವೆಗಳ ಧೂಳು ತೆಗೆದು, ಫ್ರಿಜ್ಜು ಗುಂಯ್‌ಗುಟ್ಟುವುದನ್ನು ಕೇಳುವಷ್ಟರಲ್ಲಿ ನಾಲ್ಕು ಗಂಟೆ. ಮೆಣಸು ಚೀಲ ಹಾಕಿಕೊಂಡು ಗೇಟಿನ ಬಳಿ ಕಾಯುತ್ತಿದ್ದಳು. ವ್ಯಾನನ್ನು ಅಲ್ಲೇ ಬಿಟ್ಟು, ಹಸಿವಾಗಲಿ ಎಂದು ಅವಳ ಕೈ ಹಿಡಿದು ನಡೆದೇ ಹೊರಟೆ. ಬೇಕರಿ ದಾಟಿ, ಔಷಧದ ಅಂಗಡಿ ದಾಟಿ, ರಸ್ತೆ ತಿರುವಿಗೆ ಬಂದೆವು. ಅಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿ, ಮನೆಗೆ ಬಂದರೆ ಬರೀ ಮಾಮನನ್ನೇ ಹೊಗಳುತ್ತಿದ್ದೆಯಲ್ಲ, ಯಾಕೆ ಎಂದು ನಾನೇ ಕೇಳಿದೆ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಹೊಗಳ್ತಿರ್ಲಿಲ್ಲ. ಮಾಮ ಹೆಂಗೆ ಮಾಡ್ತಾರೆ ಅಂತ ನಿನಗೆ ಹೇಳ್ಕೊಡ್ತಿದ್ದೆ" ಎಂದಳು. "ನಾನು ಆಗ್ಲೇ ಎಲ್ಲರಿಗೂ ಹೇಳ್ಬಿಟ್ಟಿದ್ನಲ್ಲ. ನೀನು ಬೇಗ ಕಲ್ತ್ಕೋಬೇಕಿತ್ತು."

 ಅಲ್ಲಿಯೇ ರಸ್ತೆಯ ಬದಿಯಲ್ಲಿ ಮಂಡಿಯೂರಿ ಅವಳ ಎರಡೂ ಕೈ ಹಿಡಿದುಕೊಂಡೆ. ಅಷ್ಟು ಕೆಟ್ಟ ಸೂಪನ್ನು ನನಗೋಸ್ಕರ ಪೂರ್ತಿ ಕುಡಿದೆಯಲ್ಲ ಕಂದ, ಇನ್ನು ಮೇಲೆ ಸರಿಯಾಗಿ ಕಲಿಯುತ್ತೇನೆ, ಕಲಿತು ಇನ್ನೊಂದು ಸಲ ಬಂದು ನಿನ್ನ ಸ್ನೇಹಿತರಿಗೆಲ್ಲ ಮಾಡಿ ಬಡಿಸುತ್ತೇನೆ ಎಂದೆ. ಮೆಣಸು ಆಚೀಚೆ ನೋಡಿ, ಯಾರೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಬಳಿ ಬಾಯಿ ತಂದಳು.

"ಬೇಡ ಅಪ್ಪ. ನೀನು ಮನೇಲೇ ಮಾಡು. ಮನೇಲಾದ್ರೆ ತಟ್ಟೇಲೇ ಬಿಡಬಹುದು."